ಹನ್ನೆರಡು ಪದದ ಬಾಗಿಲು

ನಮ್ಮೂರಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಸುಮ್ಮನೆ ಬಾಗಿಲು ತೆಗೆಯುವುದಿಲ್ಲ. ಕಟ್ಟಿಕೊಂಡ ಗಂಡನೇ ಬರಲಿ, ಹೆತ್ತ ತಾಯೇ ಬರಲಿ, ಮೆಟ್ಟಿಲ ಮೇಲೆ ನಿಂತು ಆ ಮನೆಯ ಹನ್ನೆರಡು ಪದಗಳನ್ನು ಒಂದರ ಹಿಂದೆ ಒಂದು ಹೇಳಬೇಕು. ಹೇಳಿದರೆ ಒಳಗಿದ್ದವರು ಚಿಲಕ ತೆಗೆದು, ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತಾರೆ. ಯಾಕೆಂದರೆ ಆ ಹೊತ್ತಿಗೆ ಬಂದವರೂ ಬರುತ್ತಾರೆ. ಅವರಿಗೆ ನಾವು ಬೇರೆ ಹೆಸರಿಟ್ಟಿಲ್ಲ, ಬಂದವರು ಅಂತಲೇ ಅನ್ನುತ್ತೇವೆ. ನಮ್ಮವರದೇ ಮುಖ, ನಮ್ಮವರದೇ ದನಿ, ಕೈಯಲ್ಲಿ ಅದೇ ಚೀಲ, ಚಪ್ಪಲಿ ಬಿಡುವಾಗ ಅದೇ ನರಳಾಟ. ಪದ ಮಾತ್ರ ಗೊತ್ತಿರುವುದಿಲ್ಲ. ಸ್ವಲ್ಪ ಹೊತ್ತು ಕರೆದು ನೋಡಿ ಹೊರಟುಹೋಗುತ್ತಾರೆ. ನಮ್ಮ ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತು, ಈಗಲೂ ಒಮ್ಮೊಮ್ಮೆ ಬಂದು "ಸಾಕೂ, ಬಾಗಿಲು ತೆಗಿಯೇ" ಅಂತ ನನ್ನ ಹೆಸರು ಹಿಡಿದು ಕರೆಯುವುದುಂಟು. ನಾನು ಒಲೆ ಮುಂದಿನಿಂದಲೇ "ಊಟ ಆಯ್ತು, ಹೋಗಿ" ಅಂದುಬಿಡುತ್ತೇನೆ.

ಮನೆಗೆ ಹೊಸ್ತಿಲು ಕೂರಿಸುವ ದಿನ ಗಂಡ ಹೆಂಡತಿ ಇಬ್ಬರೇ ಕೂತು ಪದ ಆರಿಸಿಕೊಳ್ಳಬೇಕು. ಆ ಹೊಸ್ತಿಲು ಇರುವವರೆಗೂ ಅವೇ ಪದ, ಬದಲಾಯಿಸುವಂತಿಲ್ಲ, ಬರೆದಿಡುವಂತಿಲ್ಲ. ಸೊಸೆ ಬಂದರೆ ಅತ್ತೆ ಕಿವಿಯಲ್ಲಿ ಹೇಳಿಕೊಡುತ್ತಾಳೆ, ಅವಳು ಬಾಯಿಪಾಠ ಒಪ್ಪಿಸುವವರೆಗೂ ಸಂಜೆ ಹೊರಗೆ ಬಿಡುವುದಿಲ್ಲ. ಇನ್ನು ಅಕ್ಕಪಕ್ಕದವರದೂ ಒಂದು ಮರ್ಯಾದೆ ಇದೆ. ಪಕ್ಕದ ಮನೆಯ ಮೆಟ್ಟಿಲನ್ನು ಯಾರಾದರೂ ಹತ್ತಿದ ಸದ್ದಾದರೆ ನಾವು ಒಳಗೆ ತಟ್ಟೆ ಬಡಿಯುತ್ತೇವೆ, ಅವರ ಪದ ನಮ್ಮ ಕಿವಿಗೆ ಬೀಳದಿರಲಿ ಅಂತ. ಹಗಲು ಹೊತ್ತಿನಲ್ಲಿ ಮಾತಿನ ನಡುವೆ ಯಾರಾದರೂ "ಹನ್ನೆರಡು ಪದ" ಅಂದರೂ ಸಾಕು, ಮಾನ ಇರುವವರು ಎರಡೂ ಕಿವಿ ಮುಚ್ಚಿಕೊಂಡು ಆ ಕಡೆ ತಿರುಗುತ್ತಾರೆ. ನಮ್ಮ ಮಕ್ಕಳಿಗೆ ನಾವು ಮೊದಲು ಕಲಿಸುವುದೇ ಅದನ್ನು.

ಒಮ್ಮೆ ಯಾರಾದರೂ ತಪ್ಪಿ ಬಂದವರ ಕೈ ಹಿಡಿದರೆ ಏನಾಗುತ್ತದೆ ಅಂತ ಕೇಳಬೇಡಿ. ತಿರುವಿನಲ್ಲಿ ಗಾಣದವರ ಮನೆ ಇದೆ, ನೋಡಿದರೆ ಸಾಕು. ಅಲ್ಲೂ ಒಲೆ ಹೊಗೆಯಾಡುತ್ತದೆ, ಬಟ್ಟೆ ಒಣಗುತ್ತದೆ, ಕಿಟಕಿಯಲ್ಲಿ ನಿಂತು ನಗುತ್ತಾರೆ. ಆದರೆ ಆ ಮನೆಯಿಂದ ಯಾರೂ ಅಂಗಡಿಗೆ ಉಪ್ಪಿಗಂತ ಬಂದದ್ದನ್ನು ನಾನು ಕಂಡಿಲ್ಲ. ಬಂದವರಿಗೆ ಉಪ್ಪು ಬೇಡ. ಹಾಗೆಯೇ ಪದ ಮರೆತು ಹೊರಗೇ ಬೆಳಗು ಮಾಡಿದವರೂ ಇದ್ದಾರೆ. ಬೆಳಿಗ್ಗೆ ಅವರು ಸಿಗುವುದಿಲ್ಲ. ಸಂಜೆ ಬರುತ್ತಾರೆ, ಮಿಕ್ಕವರ ಜೊತೆಯಲ್ಲಿ.

ನನ್ನ ಪಕ್ಕದ ಮನೆ ದೇವೀರಕ್ಕನದು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವಳು ಟೈಲರು, ರವಿಕೆ ಹೊಲಿಯುವುದರಲ್ಲಿ ಈ ಸುತ್ತಿನಲ್ಲಿ ಅವಳನ್ನು ಮೀರಿಸಿದವರಿಲ್ಲ. ಗಂಡ ಹಾಲಪ್ಪಣ್ಣನದು ಸುಟ್ಟ ಮೋಟರಿಗೆ ತಂತಿ ಸುತ್ತುವ ಕೆಲಸ. ಹೊಲಗಳ ಪಂಪ್‌ಸೆಟ್ ರಿಪೇರಿಗೆ ಅಂತ ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆಯೇ. ಮಹಾ ಸಾಧು ಮನುಷ್ಯ, ಆದರೆ ಪದ ಒಪ್ಪಿಸುವುದರಲ್ಲಿ ಶುದ್ಧ ದಡ್ಡ. ಮದುವೆಯಾದಾಗಿನಿಂದ ಏಳನೆಯ ಪದವನ್ನೂ ಎಂಟನೆಯ ಪದವನ್ನೂ ಹಿಂದುಮುಂದು ಮಾಡಿ ಹೇಳುತ್ತಾನೆ. ನಾನು ತಟ್ಟೆ ಬಡಿಯುವುದರಿಂದ ಆ ಪದಗಳು ಯಾವುವೋ ನನಗೆ ಗೊತ್ತಿಲ್ಲ. ಆದರೆ ತಟ್ಟೆಯ ಸದ್ದನ್ನೂ ಮೀರಿ ದೇವೀರಕ್ಕನ ಬಾಯಿ ದಿನಾ ಸಂಜೆ ಕೇಳಿಸುತ್ತಿತ್ತು. "ಏಳನೇದು ಎಂಟನೇದು ಮತ್ತೆ ಅದಲುಬದಲು! ಯಾವ ಜನ್ಮಕ್ಕೆ ಕಲೀತೀರಿ ನೀವು? ಬನ್ನಿ ಒಳಗೆ." ಬೈದುಕೊಂಡೇ ಕೈ ಹಿಡಿದು ಕರೆದುಕೊಳ್ಳುತ್ತಿದ್ದಳು. ಆ ಬೈಗುಳ ಕೇಳಿದ ಮೇಲೆಯೇ ನಾನು ಅನ್ನಕ್ಕೆ ಇಡುತ್ತಿದ್ದದ್ದು.

ದೇವೀರಕ್ಕ ರವಿಕೆಯ ಕತ್ತಿನ ಡಿಸೈನುಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆಯುವುದನ್ನು ಕಲಿತಿದ್ದಳು. ಹಿಂಬದಿ ಎಲೆಯಾಕಾರ, ದಾರ ಕಟ್ಟುವ ಕತ್ತು, ನವಿಲಿನ ಕತ್ತು, ಒಂದೊಂದೂ ಕಣ್ಣಿಗೆ ಹಬ್ಬ. ಅವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದಳು. ಯಾವುದೋ ದೂರದೇಶದ ಹೆಂಗಸು ನೋಡಿ, ನಿನ್ನ ಡಿಸೈನುಗಳೆಲ್ಲ ನನಗೆ ಬೇಕು, ಆದರೆ ನಾನು ಕೊಡುವುದು ಇಂಟರ್ನೆಟ್ಟಿನಲ್ಲೇ ಓಡಾಡುವ ಕ್ರಿಪ್ಟೊ ನಾಣ್ಯದಲ್ಲೇ, ಅದನ್ನಿಡಲು ಒಂದು ವಾಲೆಟ್ ಮಾಡಿಕೋ ಅಂತ ಬರೆದಳಂತೆ. ದೇವೀರಕ್ಕನಿಗೆ ಹಿಗ್ಗೋ ಹಿಗ್ಗು. "ಸಾಕೂ, ಸಮುದ್ರದಾಚೆಯವರು ನನ್ನ ಕತ್ತು ಹಾಕ್ಕೊಂಡು ತಿರುಗ್ತಾರಂತೆ ಕಣೇ" ಅಂತ ಹಿತ್ತಿಲ ಗೋಡೆಯ ಮೇಲಿಂದ ಕೂಗಿ ಹೇಳಿದಳು.

ವಾಲೆಟ್ ಅಂದರೆ ಏನು, ಹೇಗೆ ಅಂತ ಹೇಳಿಕೊಡುವವನು ನಮ್ಮೂರಿಗೆ ಒಬ್ಬನೇ, ಜೆರಾಕ್ಸ್ ಅಂಗಡಿ ಓಂಕಾರಪ್ಪ. ಅವನು ಬೇರೆ ಕಡೆಯಿಂದ ಬಂದ ಮನೆ ಅಳಿಯ. ನಮ್ಮ ರೀತಿ ರಿವಾಜು ಪಾಲಿಸುತ್ತಾನೆ, ಆದರೆ ಮಾತಿಗೆ ಹಿಂದೆ ಮುಂದೆ ಇಲ್ಲ, ಬಾಯಿಗೆ ಬಂದದ್ದನ್ನು ಅಂದುಬಿಡುತ್ತಾನೆ. ಒಂದು ಮಧ್ಯಾಹ್ನ ದೇವೀರಕ್ಕ ನನ್ನನ್ನೂ ಎಳೆದುಕೊಂಡು ಅವನ ಅಂಗಡಿಗೆ ಹೋದಳು.

"ನೋಡೀಮ್ಮ," ಅಂದ ಓಂಕಾರಪ್ಪ, "ಇದು ಬ್ರೌಸರಿಗೆ ಅಂಟಿಸಿಕೊಳ್ಳೋ ಎಕ್ಸ್‌ಟೆನ್ಷನ್ನು. ಮೇಲುಗಡೆ ಮೂಲೇಲಿ ಒಂದು ಪುಟ್ಟ ಚೀಲದ ಚಿತ್ರ ಬರುತ್ತೆ, ಅದೇ ನಿಮ್ಮ ವಾಲೆಟ್ಟು. ಆದ್ರೆ ಹುಷಾರು. ಹುಡುಕಿದ ತಕ್ಷಣ ಎಲ್ಲಕ್ಕಿಂತ ಮೇಲೆ ಬರುತ್ತಲ್ಲ, ಅದನ್ನ ನಂಬಬೇಡಿ. ಅದು ಯಾರೋ ಕಾಸು ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು. ಅದೇ ಚೀಲ, ಅದೇ ಬಣ್ಣ, ಅದೇ ಹೆಸರು ಇಟ್ಕೊಂಡು ಕಳ್ಳವು ಬೇಕಾದಷ್ಟು ಬರ್ತವೆ. ಮಾಡಿದ ಕಂಪನಿಯವರ ಸ್ವಂತ ವಿಳಾಸಾನ ಅಕ್ಷರ ಅಕ್ಷರ ನೋಡಿ ಬೆರಳಲ್ಲಿ ಒತ್ತಿ, ಅಲ್ಲಿಂದ್ಲೇ ಇಳಿಸ್ಕೋಬೇಕು."

ದೇವೀರಕ್ಕ ಕಿಸಕ್ಕನೆ ನಕ್ಕಳು. "ಒಂದೇ ಮುಖ ಹಾಕ್ಕೊಂಡು ಬರೋದು ನಮಗೇನು ಹೊಸದಾ ಓಂಕಾರಪ್ಪನೋರೇ?"

"ಅದಕ್ಕೇ ಹೇಳ್ತಿರೋದು, ನಿಮ್ಮೂರೋರಿಗೆ ಇದು ಬೇಗ ಅರ್ಥ ಆಗ್ಬೇಕು. ಈಗ ಮುಖ್ಯವಾದ್ದು ಕೇಳಿ. ಈ ವಾಲೆಟ್ಟಿಗೆ ಹನ್ನೆರಡು ಪದ ಇರ್ತವೆ."

ಅವನ ಬಾಯಿಂದ ಆ ಮಾತು ಬಂದದ್ದೇ ತಡ, ನಾವಿಬ್ಬರೂ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ಬೀದಿ ಕಡೆ ತಿರುಗಿ ನಿಂತೆವು. ಹುಟ್ಟಿದಾಗಿನಿಂದ ಬಂದ ಬುದ್ಧಿ, ನಾವು ಬೇಕಂತ ಮಾಡಿದ್ದಲ್ಲ. ಓಂಕಾರಪ್ಪ ಕಂಪ್ಯೂಟರಿನಿಂದ ಕಣ್ಣೆತ್ತದೆ ಹಿಂದಿನಿಂದ ಇನ್ನೂ ಏನೇನೋ ಹೇಳುತ್ತಲೇ ಇದ್ದ. ಆ ಪದಗಳನ್ನು ವಾಲೆಟ್ಟೇ ಹೊಸದಾಗಿ ಮಾಡಿ ಕೊಡುತ್ತದೆ, ನಾವು ಅದಕ್ಕೆ ಕೊಡುವುದಲ್ಲ, ಹೊಸದು ಮಾಡುವಾಗಲೇ ಪದ ಕೇಳಿದರೆ ಅದು ಕಳ್ಳ ಅಂತ ತಿಳಿಯಿರಿ, ಹೀಗೆಲ್ಲ ಅಂದನಂತೆ. ಅದು ನಮಗೆ ಗೊತ್ತಾದದ್ದು ಆಮೇಲೆ. ಅವನ ಬಾಯಿ ನಿಂತದ್ದನ್ನು ಓರೆಗಣ್ಣಲ್ಲಿ ನೋಡಿಕೊಂಡು ನಾವು ಕೈ ತೆಗೆದೆವು. ಅಷ್ಟರಲ್ಲಿ ಕರೆಂಟು ಹೋಯಿತು. "ನಾಳೆ ಬನ್ನಿ, ಮಾಡಿಕೊಡ್ತೀನಿ" ಅಂದ ಓಂಕಾರಪ್ಪ.

ದೇವೀರಕ್ಕನಿಗೆ ನಾಳೆಯವರೆಗೂ ತಡೆಯುವ ಸಹನೆ ಎಲ್ಲಿಂದ ಬರಬೇಕು! ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆಗೆದಳು, ಹುಡುಕಿದಳು, ಮೇಲೆ ಬಂದದ್ದನ್ನೇ ಒತ್ತಿದಳು. ಚೀಲದ ಚಿತ್ರ ಇತ್ತು, ಬಣ್ಣವೂ ಸರಿಯಾಗಿತ್ತು. ಒಂದು ಬಿಳಿ ಪುಟ ತೆರೆದುಕೊಂಡಿತು. ಓಂಕಾರಪ್ಪನ ಅಂಗಡಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿತ್ತು, ಇಲ್ಲಿ ಅಚ್ಚ ಕನ್ನಡ. "ಬನ್ನಿ ತಾಯಿ. ನಿಮ್ಮ ಹನ್ನೆರಡು ಪದ ಕೊಡಿ, ಬಾಗಿಲು ತೆಗೆಯುತ್ತೇವೆ" ಅಂತ ಬರೆದಿತ್ತಂತೆ. ಕೆಳಗೆ ಹನ್ನೆರಡು ಖಾಲಿ ಚೌಕ.

ಅವಳೂ ಯೋಚನೆ ಮಾಡದೆ ಇರಲಿಲ್ಲ. ಆದರೆ ಅವಳ ಲೆಕ್ಕ ಹೀಗೆ. ಇನ್ನೂ ಬೆಳಕಿದೆ, ಬಾಗಿಲಲ್ಲಿ ಯಾರೂ ಇಲ್ಲ. ವಾಲೆಟ್ಟೂ ಒಂದು ಬಾಗಿಲೇ, ತನ್ನ ಬಾಗಿಲೇ, ತನ್ನದಕ್ಕೆ ತನ್ನ ಮನೆಯ ಪದವಲ್ಲದೆ ಬೇರೆ ಯಾರ ಮನೆಯದು ಹಾಕಬೇಕು? ಬಾಯಿಬಿಟ್ಟು ಹೇಳಬಾರದು ಅಂತ ಹಿರಿಯರು ಹೇಳಿದ್ದಾರೆ, ಕಾಗದದಲ್ಲಿ ಬರೆಯಬಾರದು ಅಂದಿದ್ದಾರೆ, ಬೆರಳಲ್ಲಿ ಒತ್ತಬಾರದು ಅಂತ ಯಾರೂ ಅಂದಿಲ್ಲ. ಒತ್ತಿದಳು. ಒಂದೊಂದಾಗಿ, ಕ್ರಮವಾಗಿ, ಏಳನೆಯದನ್ನು ಏಳರಲ್ಲಿ, ಎಂಟನೆಯದನ್ನು ಎಂಟರಲ್ಲಿ. "ಸರಿಯಾಗಿದೆ ತಾಯಿ. ಸಂಜೆ ಬರುತ್ತೇವೆ" ಅಂತ ಬಂತು. ಆಮೇಲೆ ಪುಟ ಖಾಲಿಯಾಯಿತು.

ಹಿತ್ತಿಲಲ್ಲಿ ನಾನು ಸೊಪ್ಪು ಬಿಡಿಸುತ್ತ ಕೂತಿದ್ದೆ. ಅವಳು ಗೋಡೆಗೆ ಒರಗಿ ನಿಂತು, "ಸಾಕೂ, ಸಂಜೆ ಬರ್ತೀವಿ ಅಂತ ಬರೆದಿದ್ದಾರಲ್ಲ, ಯಾರು ಬರ್ತಾರೆ?" ಅಂದಳು. ನಾನು "ಏನು ಕೊಟ್ಟೆ ಅದಕ್ಕೆ?" ಅಂದೆ. ಅವಳು ಬಾಯಿಬಿಟ್ಟು ಹೇಳಲಿಲ್ಲ. ಬೆರಳಿನಿಂದ ತನ್ನ ಮನೆಯ ಬಾಗಿಲನ್ನು ತೋರಿಸಿದಳು. ನಾನು ದಡಕ್ಕನೆ ಎದ್ದೆ. ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು.

ಓಡಿದೆವು ಓಂಕಾರಪ್ಪನ ಹತ್ತಿರ. ಅವನು ಹಣೆ ಚಚ್ಚಿಕೊಂಡ. "ಅಷ್ಟು ಬಡ್ಕೊಂಡೆನಲ್ಲಮ್ಮ! ಯಾರು ಕೇಳಿದ್ರೂ ಕೊಡಬೇಡಿ, ಕಂಪನಿಯವರೇ ಅಂತ ಹೇಳ್ಕೊಂಡು ಬಂದ್ರೂ ಕೊಡಬೇಡಿ ಅಂತ!"

"ನಾವು ಕಿವಿ ಮುಚ್ಕೊಂಡಿದ್ವಿ" ಅಂದಳು ದೇವೀರಕ್ಕ.

ಓಂಕಾರಪ್ಪ ಸ್ಟೂಲಿನ ಮೇಲೆ ಕೂತ. ಆಮೇಲೆ, "ಹೋದ ಪದ ಹೋದ ಹಾಗೇನೇ, ವಾಪಸ್ ತಗೊಳ್ಳೋಕಾಗಲ್ಲ, ಬದಲಾಯಿಸೋಕೂ ಆಗಲ್ಲ. ವಾಲೆಟ್ಟಾಗಿದ್ರೆ ಹೊಸದೊಂದು ಮಾಡ್ಕೊಂಡು, ಇದ್ದದ್ದನ್ನೆಲ್ಲ ಅದಕ್ಕೆ ಸಾಗಿಸಿ, ಹಳೇದನ್ನ ಬಿಟ್ಟುಬಿಡಿ ಅಂತಿದ್ದೆ. ಮನೆಗೆ ಏನು ಹೇಳಲಿ? ಹಾಲಪ್ಪನೋರು ಎಲ್ಲಿ?" ಅಂದ.

ಹಾಲಪ್ಪಣ್ಣನ ಫೋನು ಮನೆಯಲ್ಲೇ ಚಾರ್ಜಿಗೆ ಹಾಕಿತ್ತು. ದಿನಾ ಹಾಗೇ ಬಿಟ್ಟು ಹೋಗುತ್ತಾನೆ ಪುಣ್ಯಾತ್ಮ. ಯಾವ ಹೊಲಕ್ಕೆ ಹೋಗಿದ್ದಾನೆ ಅಂತಲೂ ಗೊತ್ತಿಲ್ಲ. ದೇವೀರಕ್ಕ ಬೀದಿಯ ತುದಿಗೆ ಹೋಗಿ ನಿಂತಳು, ಬೆಳಕಿರುವಾಗಲೇ ಬಂದರೆ ಮುಖ ನೋಡಿ ಕರೆದುಕೊಂಡು ಹೋಗಿಬಿಡಬಹುದು ಅಂತ. ಹಗಲು ಬರುವವರು ನಮ್ಮವರೇ, ಅದರಲ್ಲಿ ಅನುಮಾನವಿಲ್ಲ. ನಿಂತಳು, ನಿಂತೇ ಇದ್ದಳು. ಎದುರು ಮನೆಯವರು ದೀಪ ಹಚ್ಚಿದರು, ಪಕ್ಕದವರೂ ಹಚ್ಚಿದರು. ನಾನು ಅವಳ ರಟ್ಟೆ ಹಿಡಿದು ಎಳೆದೆ. "ನಮ್ಮನೇಗೆ ಬಾ ಅಕ್ಕ. ಇವತ್ತೊಂದು ದಿನ ಆ ಬಾಗಿಲು ಬೇಡ."

"ನಾನು ನಿಮ್ಮನೇಲಿ ಕೂತ್ರೆ ಅವರಿಗೆ ಬಾಗಿಲು ತೆಗೆಯೋರು ಯಾರೇ? ಹೊರಗೇ ಉಳೀಲಾ ಅವರು?" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು, ಬೀಳಲು ಬಿಡಲಿಲ್ಲ. ಸೆರಗಿನಿಂದ ಒತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ನಾನೂ ಒಳಗೆ ಬಂದೆ. ಒಲೆ ಹಚ್ಚಲಿಲ್ಲ, ತಟ್ಟೆಯೊಂದನ್ನು ಕೈಯಲ್ಲಿ ಹಿಡಿದು ಗೋಡೆಯ ಹತ್ತಿರವೇ ಕೂತೆ.

ಬೀದಿಯ ಎಲ್ಲ ತಟ್ಟೆಗಳ ಸದ್ದೂ ಅಡಗುವ ಹೊತ್ತಿಗೆ ಅವಳ ಮೆಟ್ಟಿಲ ಮೇಲೆ ಚಪ್ಪಲಿ ಉಜ್ಜಿದ ಸದ್ದಾಯಿತು. ಟಿಫಿನ್ ಕ್ಯಾರಿಯರಿನ ಸದ್ದು. ಹಾಲಪ್ಪಣ್ಣನ ಕೆಮ್ಮು. ನಾನು ತಟ್ಟೆ ಬಡಿದೆ. ಬಡಿದು ನಿಲ್ಲಿಸಿ, ಬೈಗುಳಕ್ಕೆ ಕಾದೆ. ಬೈಗುಳ ಬರಲಿಲ್ಲ.

ಒಳಗೆ ನಡೆದದ್ದು ಅವಳೇ ಆಮೇಲೆ ಹೇಳಿದ್ದು. ಹನ್ನೆರಡೂ ಪದ ನೀರು ಹರಿದ ಹಾಗೆ ಬಂದವಂತೆ, ಒಂದೂ ತಪ್ಪಿಲ್ಲ. ಗಂಡನ ದನಿಯೇ. ಅವಳ ಕೈ ಆಗಲೇ ಚಿಲಕಕ್ಕೆ ಹೋಗಿತ್ತು. ಅಷ್ಟರಲ್ಲಿ ಬಾಯಿಗೆ ಬೈಗುಳ ಬರಲಿಲ್ಲವಲ್ಲ ಅಂತ ಅವಳಿಗೇ ಅನಿಸಿತಂತೆ. ಯಾಕೆ ಬರಲಿಲ್ಲ? ಬೈಯುವುದಕ್ಕೆ ಏನೂ ಇರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನವೂ ಇಲ್ಲದ್ದು. ಕೈ ಹಿಂದಕ್ಕೆ ತೆಗೆದುಕೊಂಡಳು.

"ದೇವೀರಿ, ಸರಿಯಾಗಿ ಹೇಳಿದ್ನಲ್ಲ. ತೆಗಿ" ಅಂತು ಹೊರಗಿನ ದನಿ. ತುಂಬ ಮೃದುವಾದ ದನಿ. "ಕಾಲು ನೋಯ್ತಿದೆ ಕಣೇ."

ಬಾಗಿಲು ತೆರೆದ ಸದ್ದಾಗಲಿಲ್ಲ. ನಾನು ಕಿಟಕಿಯ ಸಂದಿಗೆ ಕಣ್ಣಿಟ್ಟೆ. ಇಡಬಾರದು, ಆದರೂ ಇಟ್ಟೆ. ಮೆಟ್ಟಿಲ ಮೇಲೆ ಹಾಲಪ್ಪಣ್ಣ ನಿಂತಿದ್ದ, ಎಡಕ್ಕೆ ವಾಲಿದ ಭುಜ, ಎಣ್ಣೆ ಕಲೆಯ ಅಂಗಿ. ಬೀದಿಯಲ್ಲಿ ಇನ್ನೊಬ್ಬ ಬರುತ್ತಿದ್ದ. ಅವನೂ ಹಾಲಪ್ಪಣ್ಣನೇ. ತನ್ನ ಮೆಟ್ಟಿಲ ಮೇಲೆ ತನ್ನ ಬೆನ್ನು ಕಂಡು ನಡುದಾರಿಯಲ್ಲಿ ನಿಂತುಬಿಟ್ಟ. ಅಯ್ಯೋ ಶಿವನೇ, ಆ ಮನುಷ್ಯನ ಮುಖ ಯಾರಿಗೂ ಬೇಡ. ಓಡಿಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ತಲೆ ತಗ್ಗಿಸಿಕೊಂಡು ಬಂದು ಮೆಟ್ಟಿಲು ಹತ್ತಿ ಅದರ ಪಕ್ಕದಲ್ಲೇ ನಿಂತ. ಎರಡಕ್ಕೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ.

ಈ ಸಲ ನಾನು ತಟ್ಟೆ ಬಡಿಯುವುದನ್ನೇ ಮರೆತೆ. ಅವನು ಹೇಳತೊಡಗಿದ. ಆರನೆಯದಕ್ಕೆ ಬಂದು ಎಂಜಲು ನುಂಗಿದ. ಆಮೇಲೆ ಎಂದಿನ ಹಾಗೆ ಎಡವಿದನೋ ಏನೋ, ಒಳಗಿಂದ ಒಮ್ಮೆಲೇ ಅವಳ ಬಾಯಿ ಕೇಳಿಸಿತು. "ಏಳನೇದು ಎಂಟನೇದು ಮತ್ತೆ ಅದಲುಬದಲು! ಯಾವ ಜನ್ಮಕ್ಕೆ ಕಲೀತೀರಿ!" ಬೈಯುತ್ತಿದ್ದಳೋ ಅಳುತ್ತಿದ್ದಳೋ. ಚಿಲಕ ಸರಿಯಿತು, ಬಾಗಿಲು ಗೇಣಗಲ ತೆರೆಯಿತು, ಬಳೆ ಹಾಕಿದ ಕೈಯೊಂದು ಹೊರಗೆ ಬಂದು ಕಡೆಗೆ ಮಾತಾಡಿದವನ ಮುಂಗೈ ಹಿಡಿದು ಎಳೆದುಕೊಂಡಿತು. ಬಾಗಿಲು ದಡಾರನೆ ಮುಚ್ಚಿತು.

ನಾನು ಉಸಿರು ಬಿಟ್ಟೆ. ಆದರೆ ಹೊರಗೆ ಉಳಿದದ್ದು ಹೋಗಲಿಲ್ಲ. ಕತ್ತು ಒಂದು ಕಡೆಗೆ ಓರೆ ಮಾಡಿಕೊಂಡು, ಪಾಠ ಕೇಳಿಸಿಕೊಂಡ ಮಗುವಿನ ಹಾಗೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮತ್ತೆ ಹನ್ನೆರಡೂ ಹೇಳಿತು. ಆರನೆಯದಕ್ಕೆ ಎಂಜಲು ನುಂಗಿತು. ಏಳನೆಯದನ್ನೂ ಎಂಟನೆಯದನ್ನೂ ಅದಲುಬದಲು ಮಾಡಿತು.

ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು, ರಾತ್ರಿ ಕಣ್ಣು ಮುಚ್ಚಿದವರ ಹಾಗೆ ಕಾಣಲಿಲ್ಲ. ಇನ್ನು ಆ ಮನೆ ತಮ್ಮದಲ್ಲ ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸರಿಯಾಗಿ ಹೇಳುವುದೂ ಅದಕ್ಕೆ ಗೊತ್ತು, ಹಾಲಪ್ಪಣ್ಣನ ಹಾಗೆ ತಪ್ಪಿ ಹೇಳುವುದೂ ಗೊತ್ತು. ಓಂಕಾರಪ್ಪ ವಾಲೆಟ್ಟಿಗೆ ಹೇಳಿದ್ದನ್ನೇ ಅವರು ಮನೆಗೂ ಮಾಡಿದರು. ಕೆರೆ ಬೀದಿಯಲ್ಲಿ ಒಂದು ಹಳೆಯ ಗೋದಾಮಿತ್ತು, ಬಡಗಿಯನ್ನು ಕರೆಸಿ ಅದಕ್ಕೆ ಹೊಸ ಹೊಸ್ತಿಲು ಕೂರಿಸಿದರು, ಇಬ್ಬರೇ ಕೂತು ಹೊಸ ಪದ ಮಾಡಿಕೊಂಡರು, ಹೊತ್ತು ಮುಳುಗುವುದರೊಳಗೆ ಪಾತ್ರೆ, ಹಾಸಿಗೆ, ಹೊಲಿಗೆ ಮಿಷನ್ನು ಎಲ್ಲ ಸಾಗಿಸಿದರು. ಹಳೆಯ ಬಾಗಿಲನ್ನು ತೆರೆದೇ ಬಿಟ್ಟು ಬಂದರು. ಬಿಟ್ಟು ಹೋದ ಮನೆಗೆ ಬಂದವರು ತಾವಾಗಿಯೇ ಹೊಗಬಹುದು, ಕೈ ಹಿಡಿದು ಕರೆಯುವವರು ಬೇಕಿಲ್ಲ.

ವಾಲೆಟ್ಟೂ ಆಯಿತು. ಈ ಸಲ ಓಂಕಾರಪ್ಪ ಎದುರಿಗೆ ಕೂತು, ಅಸಲಿ ವಿಳಾಸದಿಂದಲೇ ಇಳಿಸಿಕೊಟ್ಟ. ನಾವು ಮನಸ್ಸು ಗಟ್ಟಿ ಮಾಡಿಕೊಂಡು ಕಿವಿ ತೆರೆದುಕೊಂಡೇ ಇದ್ದೆವು. ಅದು ತಾನಾಗಿ ಹನ್ನೆರಡು ಇಂಗ್ಲಿಷ್ ಪದ ಕೊಟ್ಟಿತು. ಫೋಟೊ ತೆಗೆಯಬೇಡಿ, ಕಾಗದದಲ್ಲಿ ಬರೆದು ಯಾರಿಗೂ ಕಾಣದ ಕಡೆ ಇಡಿ ಅಂತ ಹೇಳಿ ಓಂಕಾರಪ್ಪ ಎದ್ದು ಹೊರಗೆ ಹೋಗಿ ನಿಂತ. ದೇವೀರಕ್ಕ ಪೆನ್ನು ಹಿಡಿದುಕೊಂಡು ಆ ಪದಗಳನ್ನೇ ನೋಡುತ್ತ ಎಷ್ಟೋ ಹೊತ್ತು ಕೂತಿದ್ದಳು. "ಇವು ಯಾರ ಮನೆಯವು ಸಾಕೂ?" ಅಂದಳು. ನಾನು ಗೋಡೆ ಕಡೆ ತಿರುಗಿಕೊಂಡಿದ್ದೆ. ಅವಳ ಕತ್ತುಗಳು ಸಮುದ್ರ ದಾಟಿ ಹೋದವು.

ಹಾಲಪ್ಪಣ್ಣನಿಗೆ ಆ ಸಂಜೆಯ ಭಯ ಎಷ್ಟು ಕೂತಿತೆಂದರೆ ಹೊಸ ಪದಗಳನ್ನು ತಂತಿ ಸುತ್ತುವಾಗಲೂ ಮನಸ್ಸಿನಲ್ಲಿ ಉರು ಹೊಡೆಯುತ್ತಾನಂತೆ. ಮೊನ್ನೆ ಅವರ ಮನೆಗೆ ಹೋಗಿದ್ದೆ, ಮಾತಾಡುತ್ತ ಹೊತ್ತಾಗಿ ಅಲ್ಲೇ ಉಳಿಯಬೇಕಾಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು, ನಾನು ಕಿವಿ ಮುಚ್ಚಿಕೊಂಡೆ. ಆದರೂ ಆ ದನಿ ಎಲ್ಲೂ ತಡವರಿಸದೆ ಮುಗಿದದ್ದು ಗೊತ್ತಾಯಿತು.

"ಇವತ್ತೂ ಒಂದೂ ತಪ್ಪಿಲ್ಲ ನೋಡು" ಅಂದ ಹೊರಗಿನಿಂದ. ಹೆಮ್ಮೆ ಇತ್ತು ದನಿಯಲ್ಲಿ.

ದೇವೀರಕ್ಕ ಚಿಲಕದ ಮೇಲೆ ಕೈ ಇಟ್ಟಳು. ಇಟ್ಟ ಕೈ ಹಾಗೇ ಇತ್ತು. ಒಮ್ಮೆ ನನ್ನ ಮುಖ ನೋಡಿದಳು.

"ದೇವೀರಿ? ತೆಗಿಯೇ. ಕಾಲು ನೋಯ್ತಿದೆ."

"ತೆಗೀತೀನಿ ತಾಳಿ" ಅಂದಳು. ತೆಗೆದಳು ಅನ್ನಿ, ದಿನಾ ತೆಗೆಯಲೇಬೇಕಲ್ಲ. ಕೈ ಹಿಡಿದು ಒಳಗೆ ಕರೆದಳು, ಕಾಲಿಗೆ ನೀರು ಕೊಟ್ಟಳು, ತಟ್ಟೆ ಹಾಕಿದಳು. ಅವನು ಉಪ್ಪು ಕೇಳುವವರೆಗೂ ಅವಳು ಕೂರಲಿಲ್ಲ. ಕೇಳಿದ ಮೇಲೆ ಕೂತಳು. ಬೈಗುಳ ಮಾತ್ರ ಒಂದೂ ಇಲ್ಲ.

ಮಾರನೆಯ ದಿನ ನಾನು ನಮ್ಮನೆಗೆ ಬಂದೆ. ದೀಪ ಹಚ್ಚಿ ಅನ್ನಕ್ಕೆ ನೀರಿಟ್ಟಿದ್ದೆ. ಪಕ್ಕದ ಮನೆ ಅವರು ಬಿಟ್ಟುಹೋದಾಗಿನಿಂದ ಸದ್ದಿಲ್ಲದೆ ಬಿದ್ದಿತ್ತು. ಆ ಸಂಜೆ ಅದರ ಮೆಟ್ಟಿಲನ್ನು ಯಾರೋ ಹತ್ತಿದರು. ಟಿಫಿನ್ ಕ್ಯಾರಿಯರಿನ ಸದ್ದು, ಕೆಮ್ಮು. ರೂಢಿ ನೋಡಿ, ನಾನು ತಟ್ಟೆ ತೆಗೆದುಕೊಂಡು ಬಡಿದೆ. ಆ ಸದ್ದನ್ನೂ ಮೀರಿ ಗೋಡೆಯಾಚೆಯಿಂದ ಹೆಂಗಸಿನ ದನಿ ಬಂತು, ದೇವೀರಕ್ಕನದೇ ದನಿ. "ಏಳನೇದು ಎಂಟನೇದು ಮತ್ತೆ ಅದಲುಬದಲು! ಯಾವ ಜನ್ಮಕ್ಕೆ ಕಲೀತೀರಿ ನೀವು? ಬನ್ನಿ ಒಳಗೆ."

ಎಷ್ಟು ದಿನವಾಗಿತ್ತು ಆ ಬೈಗುಳ ಕೇಳಿ. ನಾನು ತಟ್ಟೆಯನ್ನು ಕೆಳಗಿಟ್ಟೆ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅಕ್ಕಿ ಹಾಕಿದೆ.